ಹಳೆಯ ಪೆಟ್ರೋಲ್ ಎಂಜಿನ್ನಿನ ಅಳತೆಗಳು ಮತ್ತು ದೋಷಗಳು: ಮಾರುತಿ 800 ಕಾರಿನ ನಿದರ್ಶನ

ಅಂತರ್ದಹನ ಎಂಜಿನ್ನಿನ ಪಾಠವನ್ನು ಸಾಮಾನ್ಯವಾಗಿ ನಾಲ್ಕು ಚಿತ್ರಗಳ ನೆರವಿನಿಂದ ಬೋಧಿಸಲಾಗುತ್ತದೆ. ವಿದ್ಯಾರ್ಥಿಗಳು ನಾಲ್ಕು ಹೊಡೆತಗಳ ಹೆಸರುಗಳನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಶಾಲೆಯ ದಾರಿಯಲ್ಲಿ, ಗ್ಯಾರೇಜಿನ ಮುಂದೆ ಬಾನೆಟ್ ತೆರೆದು ನಿಂತಿರುವ ಕಾರು ಏಕೆ ಕಪ್ಪು ಹೊಗೆ ಉಗುಳುತ್ತಿದೆ ಎಂದು ಕೇಳಿದರೆ ಅದೇ ವಿದ್ಯಾರ್ಥಿಗಳು ಉತ್ತರಿಸಲಾರರು. ಪಾಠದಲ್ಲಿರುವ ಎಂಜಿನ್ನಿಗೆ ಅಳತೆಗಳಿಲ್ಲ, ದೋಷಗಳೂ ಇಲ್ಲ. ಗ್ಯಾರೇಜಿನ ಎಂಜಿನ್ನಿಗೆ ಎರಡೂ ಉಂಟು. ಅಳತೆಗಳನ್ನು ಬಲ್ಲವನಿಗೆ ದೋಷಗಳ ಕಾರಣ ತಾನಾಗಿ ತೆರೆದುಕೊಳ್ಳುತ್ತದೆ ಎಂಬುದನ್ನು ಒಂದು ನಿಜವಾದ ಎಂಜಿನ್ನಿನ ಮೂಲಕ ತೋರಿಸುವುದೇ ಈ ಲೇಖನದ ಉದ್ದೇಶ.

ಇದಕ್ಕಾಗಿ ಮಾರುತಿ 800 ಕಾರಿನ ಎಂಜಿನ್ನನ್ನು ಆರಿಸಿಕೊಳ್ಳಲಾಗಿದೆ. 1983ರ ಡಿಸೆಂಬರಿನಲ್ಲಿ ಗುರುಗ್ರಾಮದ ಕಾರ್ಖಾನೆಯಿಂದ ಹೊರಬಂದ ಈ ಕಾರಿನ ತಯಾರಿಕೆ 2014ರ ಜನವರಿಯವರೆಗೆ ನಡೆಯಿತು. 25 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಸಣ್ಣ ಊರುಗಳ ರಸ್ತೆಗಳಲ್ಲಿಯೂ ಚಾಲನಾ ತರಬೇತಿ ಶಾಲೆಗಳಲ್ಲಿಯೂ ಇದು ಬಹುಕಾಲ ಪರಿಚಿತವಾಗಿದ್ದ ಕಾರು. ಇದರ ಎಂಜಿನ್ ಜಪಾನಿನ ಸುಜುಕಿ ಸಂಸ್ಥೆಯ ವಿನ್ಯಾಸ. ಎಫ್8ಬಿ ಎಂಬುದು ಅದರ ಸಂಕೇತನಾಮ. ಇಲ್ಲಿ ವಿವರಿಸಿರುವುದು ಕಾರ್ಬುರೇಟರ್ ಇದ್ದ ಹಳೆಯ ಮಾದರಿಯನ್ನು. ಹೊಗೆಯ ಮಿತಿಗಳು ಬಿಗಿಯಾದ ಬಳಿಕ ಕಾರ್ಬುರೇಟರಿನ ಜಾಗದಲ್ಲಿ ಕಂಪ್ಯೂಟರ್ ನಿಯಂತ್ರಿತ ಇಂಧನ ಸಿಂಪಡಣೆ ಬಂದಿತು. ಹಳೆಯ ಮಾದರಿಯಲ್ಲಿ ಪ್ರತಿಯೊಂದು ಕೆಲಸವನ್ನೂ ಕಣ್ಣಿಗೆ ಕಾಣುವ ಒಂದು ಭಾಗವೇ ಮಾಡುತ್ತದೆ. ಬೋಧನೆಗೆ ಅದೇ ಹೆಚ್ಚು ಅನುಕೂಲ.

ಎಂಜಿನ್ನಿನ ಮುಖ್ಯ ಅಳತೆಗಳು

• ರಚನೆ: ಒಂದೇ ಸಾಲಿನಲ್ಲಿ ಮೂರು ಸಿಲಿಂಡರುಗಳು, ನಾಲ್ಕು ಹೊಡೆತ, ನೀರಿನಿಂದ ತಂಪಾಗುವ ವ್ಯವಸ್ಥೆ
• ಸಿಲಿಂಡರಿನ ಒಳವ್ಯಾಸ, ಅಂದರೆ ಬೋರ್: 68.5 ಮಿ.ಮೀ.
• ಪಿಸ್ಟನ್ ಚಲಿಸುವ ದೂರ, ಅಂದರೆ ಸ್ಟ್ರೋಕ್: 72 ಮಿ.ಮೀ.
• ಒಟ್ಟು ಘನಫಲ: 796 ಘನ ಸೆಂ.ಮೀ.
• ಸಂಪೀಡನ ಅನುಪಾತ: 8.7 : 1
• ಕವಾಟಗಳು: ಸಿಲಿಂಡರಿಗೆ ಎರಡರಂತೆ ಆರು, ಇವನ್ನು ತೆರೆಯುವ ಕ್ಯಾಮ್ ದಂಡ ಸಿಲಿಂಡರ್ ಹೆಡ್ಡಿನಲ್ಲಿದೆ
• ಗರಿಷ್ಠ ಸಾಮರ್ಥ್ಯ: ನಿಮಿಷಕ್ಕೆ 5500 ಸುತ್ತುಗಳ ವೇಗದಲ್ಲಿ ಸುಮಾರು 39 ಅಶ್ವಶಕ್ತಿ
• ಇಂಧನ ಪೂರೈಕೆ: ಯಾಂತ್ರಿಕ ಪಂಪು ಮತ್ತು ಕಾರ್ಬುರೇಟರ್
• ಕಿಡಿಯ ಸರದಿ: 1, 3, 2

ಅಂಕಿಗಳನ್ನು ಓದುವ ಬಗೆ

ಕಾರಿನ ಹೆಸರಿನಲ್ಲಿರುವ 800 ಎಂಬ ಸಂಖ್ಯೆ ಎಲ್ಲಿಂದ ಬಂದಿತು ಎಂಬ ಪ್ರಶ್ನೆಯಿಂದ ಪಾಠವನ್ನು ಆರಂಭಿಸಬಹುದು. ಇದು ವೇಗವೂ ಅಲ್ಲ, ತೂಕವೂ ಅಲ್ಲ. ಸಿಲಿಂಡರಿನ ಘನಫಲದ ಸೂತ್ರ πr²h ಪ್ರೌಢಶಾಲೆಯ ಗಣಿತದಲ್ಲಿಯೇ ಇದೆ. ವ್ಯಾಸ 6.85 ಸೆಂ.ಮೀ. ಆದುದರಿಂದ ತ್ರಿಜ್ಯ 3.425 ಸೆಂ.ಮೀ.; ಎತ್ತರದ ಜಾಗದಲ್ಲಿ ಪಿಸ್ಟನ್ ಚಲಿಸುವ 7.2 ಸೆಂ.ಮೀ. ಲೆಕ್ಕ ಮಾಡಿದರೆ ಒಂದು ಸಿಲಿಂಡರಿಗೆ ಸುಮಾರು 265.3 ಘನ ಸೆಂ.ಮೀ. ದೊರೆಯುತ್ತದೆ. ಮೂರರಿಂದ ಗುಣಿಸಿದರೆ 796. ಇದನ್ನೇ ದುಂಡಾಗಿಸಿ 800 ಎಂದು ಹೆಸರಿಡಲಾಯಿತು. ಮೂರು ಪಿಸ್ಟನ್ನುಗಳು ಒಂದೊಂದು ಬಾರಿ ಕೆಳಗಿಳಿದಾಗ ಒಟ್ಟಾಗಿ ಒಳಗೆಳೆಯಬಲ್ಲ ಗಾಳಿ ಹಾಗೂ ಪೆಟ್ರೋಲ್ ಆವಿಯ ಅಳತೆಯಿದು.

ಸಂಪೀಡನ ಅನುಪಾತವು ಇದರ ಮುಂದಿನ ಹೆಜ್ಜೆ. ಪಿಸ್ಟನ್ ತುತ್ತತುದಿಗೆ ಏರಿದಾಗಲೂ ಅದರ ಮೇಲೆ ಸ್ವಲ್ಪ ಜಾಗ ಉಳಿದಿರುತ್ತದೆ. ಪಿಸ್ಟನ್ ಕೆಳಗಿದ್ದಾಗಿನ ಪೂರ್ಣ ಘನಫಲವು ಈ ಉಳಿದ ಜಾಗದ 8.7 ಪಟ್ಟು ಎಂಬುದು 8.7 : 1ರ ಅರ್ಥ. ಹಾಗಾದರೆ 265.3ನ್ನು 7.7ರಿಂದ ಭಾಗಿಸಿದರೆ ಆ ಜಾಗದ ಅಳತೆ ತಿಳಿಯುತ್ತದೆ: ಸುಮಾರು 34.5 ಘನ ಸೆಂ.ಮೀ. ಅಷ್ಟು ಪುಟ್ಟ ಜಾಗಕ್ಕೆ ಒತ್ತಲ್ಪಟ್ಟ ಮಿಶ್ರಣಕ್ಕೆ ಕಿಡಿ ತಗಲಿದಾಗ ಅದು ಉರಿದು ಹಿಗ್ಗಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ.

ಮೂರನೆಯದು ವೇಗ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಒಂದು ಸಿಲಿಂಡರಿಗೆ ಎರಡು ಸುತ್ತಿಗೊಮ್ಮೆ ಕಿಡಿ ಬೇಕು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದು ಸಿಲಿಂಡರಿಗೆ 1500, ಮೂರಕ್ಕೂ ಸೇರಿ 4500 ಕಿಡಿಗಳು. ಅಂದರೆ ಸೆಕೆಂಡಿಗೆ 75. ಈ ಒಂದು ಲೆಕ್ಕವನ್ನು ಮಾಡಿದ ವಿದ್ಯಾರ್ಥಿಗೆ ಸ್ಪಾರ್ಕ್ ಪ್ಲಗ್ ಸವೆಯುವುದೇಕೆ, ಎಂಜಿನ್ ಆಯಿಲನ್ನು ಬದಲಿಸುತ್ತಿರಬೇಕಾದುದೇಕೆ ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ದೋಷಗಳು: ಒಂದೇ ಎಂಜಿನ್, ಹಲವು ಊರು

ಪೆಟ್ರೋಲ್ ಎಂಜಿನ್ ಸರಿಯಾಗಿ ನಡೆಯಲು ನಾಲ್ಕು ಸಂಗತಿಗಳು ಬೇಕು: ತಕ್ಕ ಪ್ರಮಾಣದ ಮಿಶ್ರಣ, ಸಾಕಷ್ಟು ಸಂಪೀಡನ, ಸಕಾಲದ ಕಿಡಿ, ಮತ್ತು ಉಳಿಕೆ ಶಾಖವನ್ನು ಹೊರಗೊಯ್ಯುವ ವ್ಯವಸ್ಥೆ. ಬಹುತೇಕ ದೋಷಗಳು ಈ ನಾಲ್ಕರಲ್ಲಿ ಒಂದರ ಕೊರತೆಯೇ ಆಗಿವೆ. ಯಾವ ಕೊರತೆ ಮೊದಲು ತಲೆದೋರುತ್ತದೆ ಎಂಬುದನ್ನು ಕಾರಿನ ವಯಸ್ಸಿನಷ್ಟೇ ಅದು ಓಡಾಡುವ ನೆಲವೂ ನಿರ್ಧರಿಸುತ್ತದೆ. ಈ ಕೈಪಿಡಿಯನ್ನು ಬಳಸುವ ಶಾಲೆಗಳು ಕಡಲತೀರದಿಂದ ಬೆಟ್ಟದ ನೆತ್ತಿಯವರೆಗೆ ಹರಡಿರುವುದರಿಂದ, ಪ್ರತಿಯೊಬ್ಬ ಶಿಕ್ಷಕರಿಗೂ ತಮ್ಮ ಊರಿಗೆ ಒಪ್ಪುವ ಉದಾಹರಣೆ ಇಲ್ಲಿ ದೊರೆಯುತ್ತದೆ.

ಶಾಖ. ಪೆಟ್ರೋಲ್ ಉರಿದಾಗ ಬಿಡುಗಡೆಯಾಗುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಕಾರನ್ನು ಓಡಿಸುವ ಕೆಲಸಕ್ಕೆ ಒದಗುತ್ತದೆ. ಉಳಿದದ್ದರಲ್ಲಿ ದೊಡ್ಡ ಪಾಲು ಹೊಗೆಯೊಡನೆಯೂ ರೇಡಿಯೇಟರಿನ ಮೂಲಕವೂ ಶಾಖವಾಗಿ ಹೊರಹೋಗಬೇಕು. ಬಣ್ಣಾರಿಯಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಏರಿ ತಾಳವಾಡಿಗೆ ಹೋಗುವ ಕಾರನ್ನು ಗಮನಿಸಿ. ಎಂಜಿನ್ ಪೂರ್ಣ ಶ್ರಮದಲ್ಲಿರುತ್ತದೆ. ಕಾರಿನ ವೇಗ ಮಾತ್ರ ಕಡಿಮೆ. ಆದುದರಿಂದ ಎದುರುಗಾಳಿಯ ತಂಪು ದೊರೆಯದೆ ರೇಡಿಯೇಟರ್ ಫ್ಯಾನೊಂದನ್ನೇ ನೆಚ್ಚಬೇಕಾಗುತ್ತದೆ. ಫ್ಯಾನ್ ಕೆಟ್ಟಿದ್ದರೆ, ರೇಡಿಯೇಟರಿನ ಕೊಳವೆಗಳಲ್ಲಿ ಗಡಸುನೀರಿನ ಸುಣ್ಣ ಕಟ್ಟಿದ್ದರೆ, ಅಥವಾ ಥರ್ಮೋಸ್ಟಾಟ್ ತೆರೆಯದಿದ್ದರೆ ಘಾಟಿಯ ನಡುವೆಯೇ ನೀರು ಕುದಿಯುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ಮೀರಿದಾಗ ಸಮತಟ್ಟಾದ ರಸ್ತೆಯಲ್ಲಿಯೂ ಇದೇ ಸಂಭವಿಸುತ್ತದೆ.

ರೇಡಿಯೇಟರಿನ ಮುಚ್ಚಳಕ್ಕೂ ವಿಜ್ಞಾನದ ಪಾಠವುಂಟು. ಒತ್ತಡ ಹೆಚ್ಚಿದರೆ ನೀರಿನ ಕುದಿಬಿಂದು ಏರುತ್ತದೆ. ಇಂತಹ ಮುಚ್ಚಳವು ಒಳಗೆ ವಾತಾವರಣಕ್ಕಿಂತ ಸುಮಾರು 0.9 ಪಟ್ಟು ಹೆಚ್ಚುವರಿ ಒತ್ತಡವನ್ನು ಹಿಡಿದಿಟ್ಟರೆ ನೀರು 100ರ ಬದಲು ಸುಮಾರು 118 ಡಿಗ್ರಿಯಲ್ಲಿ ಕುದಿಯುತ್ತದೆ. ಮುಚ್ಚಳದ ರಬ್ಬರು ಹಾಳಾದರೆ ಈ ರಕ್ಷಣೆ ಇಲ್ಲವಾಗುತ್ತದೆ. ನೀಲಗಿರಿಯ ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 2240 ಮೀಟರ್ ಎತ್ತರದಲ್ಲಿದೆ; ಅಲ್ಲಿ ತೆರೆದ ಪಾತ್ರೆಯ ನೀರು 93 ಡಿಗ್ರಿಗೂ ಮೊದಲೇ ಕುದಿಯುತ್ತದೆ. ಮುಚ್ಚಳ ಸೋರುವ ಕಾರು ಬೆಟ್ಟವೇರಿದಾಗ ಬೇಗನೆ ಕುದಿಯಲು ಏರು ಒಂದು ಕಾರಣ, ಎತ್ತರ ಇನ್ನೊಂದು. ಅತಿ ಶಾಖದ ಫಲವನ್ನು ಅನುಭವಿಸುವುದು ಹೆಡ್ ಗ್ಯಾಸ್ಕೆಟ್. ಈ ಎಂಜಿನ್ನಿನ ಹೆಡ್ ಅಲ್ಯುಮಿನಿಯಮ್, ಬ್ಲಾಕ್ ಬೀಡುಕಬ್ಬಿಣ. ಒಂದೇ ಶಾಖಕ್ಕೆ ಅಲ್ಯುಮಿನಿಯಮ್ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುವುದರಿಂದ ಹೆಡ್ ಬಾಗಿ, ನಡುವಣ ಗ್ಯಾಸ್ಕೆಟ್ ಬಿರಿದು, ನೀರು ಸಿಲಿಂಡರಿಗೆ ಇಳಿಯುತ್ತದೆ. ಎಂಜಿನ್ ಕಾದ ಮೇಲೂ ಹೊಗೆಕೊಳವೆಯಿಂದ ದಟ್ಟವಾದ ಬಿಳಿ ಆವಿ ಬರುತ್ತಲೇ ಇದ್ದರೆ ಈ ದೋಷವನ್ನು ಶಂಕಿಸಬೇಕು.

ಮಿಶ್ರಣ. ಒಂದು ಭಾಗ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಘನಫಲದಲ್ಲಿ ಹೇಳುವುದಾದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9000 ಲೀಟರ್ ಗಾಳಿ. ಅಷ್ಟು ಗಾಳಿಯೊಡನೆ ಬರುವ ಧೂಳನ್ನೆಲ್ಲ ಏರ್ ಫಿಲ್ಟರ್ ತಡೆಯಬೇಕು. ಆದೋನಿ, ರಾಯದುರ್ಗ, ಮಡಕಶಿರಾ ಕಡೆಯ ಒಣನೆಲದ ರಸ್ತೆಗಳಲ್ಲಿ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪ್ರಮಾಣ ಹೆಚ್ಚಾದಾಗ ಇಂಗಾಲವು ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ಮೈಲೇಜ್ ಇಳಿಯುತ್ತದೆ, ಪ್ಲಗ್ಗುಗಳ ತುದಿಗೆ ಮಸಿ ಹಿಡಿಯುತ್ತದೆ. ಬೆಟ್ಟದ ಮೇಲೆ ಫಿಲ್ಟರ್ ಶುದ್ಧವಾಗಿದ್ದರೂ ಇದೇ ಲಕ್ಷಣ ಕಾಣಬಹುದು. ಉದಕಮಂಡಲದಲ್ಲಿ ವಾತಾವರಣದ ಒತ್ತಡ ಕಡಲತೀರಕ್ಕಿಂತ ಕಾಲು ಭಾಗಕ್ಕೆ ಸಮೀಪದಷ್ಟು ಕಡಿಮೆ. ಕಾರ್ಬುರೇಟರಿನ ಜೆಟ್ಟಿನ ರಂಧ್ರ ಬಯಲುಸೀಮೆಯ ಗಾಳಿಗೆ ಹೊಂದಿಕೊಂಡದ್ದು. ತೆಳುವಾದ ಗಾಳಿಗೆ ತಕ್ಕಂತೆ ಅದು ತಾನಾಗಿ ಕಿರಿದಾಗದು. ಬೆಳಗಿನ ಚಳಿಯಲ್ಲಿ ಎಳೆದ ಚೋಕನ್ನು ಎಂಜಿನ್ ಕಾದ ಮೇಲೆ ಹಿಂದಕ್ಕೆ ತಳ್ಳದಿದ್ದರೂ ಪರಿಣಾಮ ಒಂದೇ.

ಇದಕ್ಕೆ ವಿರುದ್ಧವಾದ ತೊಂದರೆ ಕಡುಬೇಸಿಗೆಯದು. ಬಿಸಿಲಿನಲ್ಲಿ ಓಡಿಬಂದ ಕಾರನ್ನು ಹತ್ತು ನಿಮಿಷ ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಅದು ಏಳದು. ಎಂಜಿನ್ನಿಗೆ ತಗುಲಿದಂತಿರುವ ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ ಗುಳ್ಳೆಗಟ್ಟಿರುತ್ತದೆ. ದ್ರವವನ್ನು ತಳ್ಳಲೆಂದು ರಚಿತವಾದ ಪಂಪು ಆವಿಯನ್ನು ತಳ್ಳಲಾರದು. ಅನುಭವಿ ಚಾಲಕರು ಪಂಪಿನ ಮೇಲೆ ಒದ್ದೆಬಟ್ಟೆ ಹಾಕಿ ಕಾಯುತ್ತಾರೆ. ಬಟ್ಟೆಯ ನೀರು ಆರುವಾಗ ಶಾಖವನ್ನು ಹೀರಿಕೊಳ್ಳುತ್ತದೆ, ಆವಿ ಮತ್ತೆ ದ್ರವವಾಗುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಕಿಡಿ. ಕಾಸರಗೋಡು ಮತ್ತು ಗೋವೆಯ ಮಳೆಗಾಲದಲ್ಲಿ ಬೆಳಿಗ್ಗೆ ಎಂಜಿನ್ ಚಾಲೂ ಆಗದಿರಲು ತೇವಾಂಶ ಒಂದು ಮುಖ್ಯ ಕಾರಣ. ಪ್ಲಗ್ಗಿಗೆ ತಲುಪಬೇಕಾದ ಸಾವಿರಾರು ವೋಲ್ಟಿನ ವಿದ್ಯುತ್ತು ಡಿಸ್ಟ್ರಿಬ್ಯೂಟರಿನ ಮುಚ್ಚಳದ ಬಿರುಕಿನಲ್ಲಿ ಸೇರಿದ ಪಸೆಯ ಮೂಲಕ ಅಡ್ಡದಾರಿ ಹಿಡಿಯುತ್ತದೆ. ಹಳೆಯ ತಂತಿಗಳ ಹೊದಿಕೆ ಬಿರಿದಿದ್ದರೂ ಹೀಗೆಯೇ. ಒಂದು ಸಿಲಿಂಡರಿಗೆ ಕಿಡಿ ತಪ್ಪಿದರೆ ಗ್ಯಾರೇಜಿನವರು ‘ಮಿಸ್ಸಿಂಗ್’ ಎನ್ನುತ್ತಾರೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ನಿಂತರೆ ಬಲದ ಕಾಲು ಭಾಗ ನಷ್ಟ. ಇಲ್ಲಿ ಮೂರರಲ್ಲಿ ಒಂದು ಭಾಗವೇ ನಷ್ಟ. ಕಾರು ನಡುಗುತ್ತದೆ, ಏರನ್ನು ಹತ್ತಲಾರದು.

ಸಂಪೀಡನ. ವರ್ಷಗಳು ಕಳೆದಂತೆ ಪಿಸ್ಟನ್ನಿನ ಉಂಗುರಗಳೂ ಸಿಲಿಂಡರಿನ ಗೋಡೆಯೂ ಸವೆಯುತ್ತವೆ. ಆಗ ಉರಿದ ಅನಿಲ ಕೆಳಕ್ಕೆ ಸೋರುತ್ತದೆ, ಆಯಿಲ್ ಮೇಲಕ್ಕೆ ಏರಿ ಉರಿಯುತ್ತದೆ. ನೀಲಿ ಹೊಗೆ ಇದರ ಗುರುತು. ‘ಗಾಡಿ ಆಯಿಲ್ ಕುಡಿಯುತ್ತದೆ’ ಎಂಬ ಮಾತು ಇದನ್ನೇ ಸೂಚಿಸುತ್ತದೆ. ಕವಾಟಗಳು ಸರಿಯಾಗಿ ಮುಚ್ಚಿಕೊಳ್ಳದಿದ್ದರೂ ಸಂಪೀಡನ ಕುಸಿಯುತ್ತದೆ. ಕವಾಟಕ್ಕೂ ಅದನ್ನು ಒತ್ತುವ ತೋಳಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಸಂದು ಹೆಚ್ಚಾದರೆ ಟಕಟಕ ಸದ್ದು. ಇಲ್ಲವೇ ಆದರೆ ಸದ್ದಿಲ್ಲದ ಹಾನಿ. ಬಿಸಿಯಾದಾಗ ಹಿಗ್ಗಿದ ಕವಾಟ ಪೂರ್ತಿ ಮುಚ್ಚದೆ, ಅದರ ಅಂಚನ್ನು ಬೆಂಕಿ ತಿನ್ನುತ್ತದೆ.

ಸಂಪೀಡನ ಅತಿಯಾದರೂ ತೊಂದರೆಯೇ. ಉರಿಯುವ ಕೋಣೆಯಲ್ಲಿ ಇಂಗಾಲದ ಪದರ ಕಟ್ಟಿ ಪ್ರತಿ ಸಿಲಿಂಡರಿನಲ್ಲಿ 3 ಘನ ಸೆಂ.ಮೀ. ಜಾಗವನ್ನು ಆಕ್ರಮಿಸಿತೆಂದು ಭಾವಿಸೋಣ. 34.5ರ ಬದಲು 31.5 ಉಳಿಯುತ್ತದೆ, ಅನುಪಾತ 8.7ರಿಂದ ಸುಮಾರು 9.4ಕ್ಕೆ ಏರುತ್ತದೆ. ಆಗ ಮಿಶ್ರಣದ ಒಂದು ಭಾಗ ಜ್ವಾಲೆ ತಲುಪುವ ಮೊದಲೇ ತಾನಾಗಿ ಸಿಡಿಯಬಹುದು. ಏರಿನಲ್ಲಿ ಕೇಳಿಬರುವ ಲೋಹ ಬಡಿದಂತಹ ಸದ್ದು ಇದರದು.

ಇಂಧನದ ಬದಲಾವಣೆ. ಈ ಎಂಜಿನ್ ನಮ್ಮ ದೇಶಕ್ಕೆ ಬಂದ ಕಾಲದಲ್ಲಿ ಪೆಟ್ರೋಲಿನಲ್ಲಿ ಸೀಸದ ಸಂಯುಕ್ತವಿತ್ತು. ಮೇಲೆ ಹೇಳಿದ ಸಿಡಿತವನ್ನು ತಡೆಯಲೆಂದೇ ಅದನ್ನು ಬೆರೆಸುತ್ತಿದ್ದರು. ಹೊಗೆಯೊಡನೆ ಹೊರಬಂದ ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕವೆಂದು ದೃಢಪಟ್ಟ ಕಾರಣ, 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಮಾತ್ರ ಮಾರಾಟವಾಗುತ್ತಿದೆ. ಈಗ ಪೆಟ್ರೋಲಿಗೆ ಶೇಕಡಾ 20ರವರೆಗೆ ಎಥನಾಲ್ ಬೆರೆಸಲಾಗುತ್ತಿದೆ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿನ ಸುಮಾರು ಮೂರರಲ್ಲಿ ಎರಡು ಭಾಗದಷ್ಟು ಶಕ್ತಿ ಮಾತ್ರ ಇರುವುದರಿಂದ ಮಿಶ್ರ ಇಂಧನದ ಶಕ್ತಿ ಶೇಕಡಾ 6ರಿಂದ 7ರಷ್ಟು ಕಡಿಮೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಅದಕ್ಕೆಂದು ತಯಾರಾಗದ ಹಳೆಯ ರಬ್ಬರು ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಕೆಡಿಸಬಲ್ಲದು. ಹಳೆಯ ಕಾರಿನ ಒಡೆಯರು ಪೆಟ್ರೋಲ್ ಕೊಳವೆಗಳನ್ನು ಆಗಾಗ ಪರೀಕ್ಷಿಸಬೇಕಾದುದು ಬೆಂಕಿಯ ಅಪಾಯದ ದೃಷ್ಟಿಯಿಂದಲೂ ಅಗತ್ಯ.

ಕಾರಣವನ್ನು ಹುಡುಕುವ ಕ್ರಮ

ಒಂದು ಲಕ್ಷಣಕ್ಕೆ ಹಲವು ಕಾರಣಗಳಿರಬಹುದು. ಅವುಗಳಲ್ಲಿ ಒಂದನ್ನು ಬೇರ್ಪಡಿಸುವ ರೀತಿಯೇ ವಿಜ್ಞಾನದ ರೀತಿ. ಉತ್ತಮ ನಿದರ್ಶನ ಸಂಪೀಡನದ ಪರೀಕ್ಷೆ. ಮೆಕ್ಯಾನಿಕ್ ಪ್ಲಗ್ಗುಗಳನ್ನು ಬಿಚ್ಚಿ, ಆ ರಂಧ್ರಕ್ಕೆ ಒತ್ತಡಮಾಪಕವನ್ನು ಹಿಡಿದು ಎಂಜಿನ್ನನ್ನು ತಿರುಗಿಸುತ್ತಾನೆ. ಎರಡು ಸಿಲಿಂಡರುಗಳು ಸಮನಾದ ಒತ್ತಡವನ್ನೂ ಮೂರನೆಯದು ಕಡಿಮೆ ಒತ್ತಡವನ್ನೂ ತೋರಿಸಿದವೆನ್ನೋಣ. ಸೋರುತ್ತಿರುವುದು ಉಂಗುರದಲ್ಲಿಯೋ ಕವಾಟದಲ್ಲಿಯೋ? ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯುತ್ತಾನೆ. ಆಯಿಲ್ ಉಂಗುರಗಳ ಸಂದನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಮೇಲಿರುವ ಕವಾಟಗಳನ್ನು ಮುಚ್ಚದು. ಒತ್ತಡ ಏರಿದರೆ ದೋಷ ಉಂಗುರದ್ದು. ಏರದಿದ್ದರೆ ಕವಾಟದ್ದು ಅಥವಾ ಗ್ಯಾಸ್ಕೆಟ್ಟಿನದು. ಒಂದನ್ನು ಮಾತ್ರ ಬದಲಿಸಿ ಫಲವನ್ನು ನೋಡುವ ಈ ವಿಧಾನವನ್ನು ಪ್ರಯೋಗಾಲಯವಿಲ್ಲದ ಶಾಲೆಯಲ್ಲಿಯೂ ಚರ್ಚೆಯ ಮೂಲಕ ಕಲಿಸಬಹುದು.

ಪದಗಳ ವಿಷಯ

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಓದಿದ ಅನೇಕ ವಿದ್ಯಾರ್ಥಿಗಳು ಮುಂದೆ ಐಟಿಐಗಳಲ್ಲಿಯೂ ಗ್ಯಾರೇಜುಗಳಲ್ಲಿಯೂ ಮಲಯಾಳ, ತಮಿಳು, ಮರಾಠಿ, ತೆಲುಗು ಅಥವಾ ಇಂಗ್ಲಿಷಿನಲ್ಲಿ ಈ ವಿದ್ಯೆಯನ್ನು ಎದುರಿಸಬೇಕಾಗುತ್ತದೆ. ಅಲ್ಲಿ ಕನ್ನಡದಲ್ಲಿ ಕಲಿತದ್ದು ಅಡ್ಡಿಯಾದೀತು ಎಂಬ ಅಂಜಿಕೆ ಪೋಷಕರಲ್ಲಿದೆ. ಪಿಸ್ಟನ್, ಪ್ಲಗ್, ಗ್ಯಾಸ್ಕೆಟ್, ಕಾರ್ಬುರೇಟರ್ ಎಂಬ ಭಾಗಗಳ ಹೆಸರುಗಳು ಈ ಎಲ್ಲ ಭಾಷೆಗಳ ಗ್ಯಾರೇಜುಗಳಿಗೂ ಸಮಾನ. ಅವನ್ನು ಬಲವಂತವಾಗಿ ಕನ್ನಡಿಸುವ ಅಗತ್ಯವಿಲ್ಲ. ಕನ್ನಡ ಒದಗಿಸಬೇಕಾದುದು ಭಾಗಗಳ ಹೆಸರನ್ನಲ್ಲ, ಅವುಗಳ ನಡುವಣ ಸಂಬಂಧವನ್ನು: ಎಳೆದುಕೊಳ್ಳುತ್ತದೆ, ಒತ್ತುತ್ತದೆ, ಉರಿಯುತ್ತದೆ, ಹೊರದೂಡುತ್ತದೆ, ಸೋರುತ್ತದೆ, ಹಿಗ್ಗುತ್ತದೆ, ಆದುದರಿಂದ, ಇಲ್ಲದಿದ್ದರೆ. ಕಾರಣವನ್ನು ತನ್ನ ಮಾತಿನಲ್ಲಿ ಸ್ಪಷ್ಟವಾಗಿ ಕಟ್ಟಬಲ್ಲ ವಿದ್ಯಾರ್ಥಿ ಅದನ್ನು ಬೇರೊಂದು ಭಾಷೆಗೆ ಕೊಂಡೊಯ್ಯಬಲ್ಲನು. ಕಾರಣ ತಿಳಿಯದೆ ಪದವನ್ನಷ್ಟೇ ಬಲ್ಲವನಿಗೆ ಕೊಂಡೊಯ್ಯಲು ಏನೂ ಇರುವುದಿಲ್ಲ.

ತರಗತಿಯಲ್ಲಿ ಮಾಡಬಹುದಾದ ಕೆಲಸಗಳು

1. ಸವೆದ ಸಿಲಿಂಡರನ್ನು ಕೊರೆದು ವ್ಯಾಸವನ್ನು 69 ಮಿ.ಮೀ.ಗೆ ಹೆಚ್ಚಿಸಿದರೆ ಎಂಜಿನ್ನಿನ ಒಟ್ಟು ಘನಫಲ ಎಷ್ಟಾಗುತ್ತದೆ ಎಂದು ಲೆಕ್ಕ ಮಾಡಿಸಿರಿ. ಉತ್ತರ ಸುಮಾರು 808 ಘನ ಸೆಂ.ಮೀ. ಅರ್ಧ ಮಿಲಿಮೀಟರಿನ ಬದಲಾವಣೆ 12 ಘನ ಸೆಂ.ಮೀ. ಆಗುವುದೇಕೆ ಎಂದು ಚರ್ಚಿಸಿರಿ.

2. ಕಪ್ಪು, ನೀಲಿ, ಬಿಳಿ ಎಂಬ ಮೂರು ಬಗೆಯ ಹೊಗೆಗೆ ಕಾರಣಗಳನ್ನು ಪಟ್ಟಿಯಾಗಿ ಬರೆಯಿಸಿರಿ. ಪ್ರತಿ ಕಾರಣಕ್ಕೂ ‘ಏಕೆಂದರೆ’ ಎಂದು ಆರಂಭವಾಗುವ ಒಂದು ಪೂರ್ಣ ವಾಕ್ಯವಿರಲಿ.

3. ಊರಿನ ಮೆಕ್ಯಾನಿಕ್ ಒಬ್ಬರನ್ನು ಶಾಲೆಗೆ ಆಹ್ವಾನಿಸಿ, ಬಿಚ್ಚಿಟ್ಟ ಹಳೆಯ ಪ್ಲಗ್, ಪಿಸ್ಟನ್, ಕವಾಟಗಳನ್ನು ಮಕ್ಕಳ ಕೈಗೆ ಕೊಟ್ಟು ನೋಡಿಸಿರಿ. ಅವರು ಯಾವ ಭಾಷೆಯಲ್ಲಿ ವಿವರಿಸಿದರೂ ಮಕ್ಕಳು ಅದನ್ನು ಕನ್ನಡದಲ್ಲಿ ವರದಿಯಾಗಿ ಬರೆಯಲಿ.

ಎಚ್ಚರಿಕೆ: ಓಡುತ್ತಿರುವ ಎಂಜಿನ್ನಿನ ಬಳಿಗೆ ಮಕ್ಕಳನ್ನು ಬಿಡಬಾರದು. ಬಿಸಿಯಾಗಿರುವ ರೇಡಿಯೇಟರಿನ ಮುಚ್ಚಳವನ್ನು ಯಾರೂ ತೆರೆಯಬಾರದು. ಒತ್ತಡ ತಟ್ಟನೆ ಇಳಿದು, 100 ಡಿಗ್ರಿ ಮೀರಿದ ನೀರು ಕೂಡಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ನನ್ನು ಚಾಲೂ ಇಡಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನನ್ನು ಸೇರಿ ಆಮ್ಲಜನಕ ದೊರೆಯದಂತೆ ಮಾಡಿ ಪ್ರಾಣವನ್ನೇ ತೆಗೆಯುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾದಷ್ಟೂ ಈ ಅನಿಲ ಹೆಚ್ಚುತ್ತದೆ. ಹೊಗೆ ತಪಾಸಣೆ ಕೇಂದ್ರಗಳಲ್ಲಿ ಇದನ್ನು ಅಳೆಯುವುದೂ ಇದೇ ಕಾರಣಕ್ಕಾಗಿ. ಮನೆಯಲ್ಲಿ ಹಳೆಯ ಕಾರು ಇರುವ ವಿದ್ಯಾರ್ಥಿಗಳಿಗೆ ಈ ಒಂದು ಮಾತನ್ನು ತಪ್ಪದೆ ಮನದಟ್ಟು ಮಾಡಿಸಿರಿ.